ಚೆಕ್ ಲೈಟಿನ ಮೇಲೊಂದು ಬಿಂದಿ

ಹೋದ ಮಳೆಗಾಲದಲ್ಲಿ ಸುಮಾರು ಒಂದೂವರೆ ತಿಂಗಳು ನಮ್ಮ ಕಾರಿನ ಸ್ಪೀಡೋಮೀಟರ್ ಗಾಜಿನ ಮೇಲೆ ಒಂದು ಕರಿ ಬಿಂದಿ ಇತ್ತು. ಎಡಗಡೆ ಕೆಳಮೂಲೆಯಲ್ಲಿ. ಅಂಟಿಸಿದ್ದು ನನ್ನ ಹೆಂಡತಿ. ರಾತ್ರಿ ಶಿವಮೊಗ್ಗದಿಂದ ತೀರ್ಥಹಳ್ಳಿ ಕಡೆಗೆ, ನಮ್ಮೂರಿಗೆ ಹೊರಟಿದ್ದೆವು. ಎಂಜಿನ್ ಚಿತ್ರದ ಆ ಹಳದಿ ದೀಪ ಒಂದೇ ಸಮನೆ ಕಣ್ಣಿಗೆ ಹೊಡೆಯುತ್ತಿತ್ತು. ಗಾಜನೂರು ದಾಟುವ ಹೊತ್ತಿಗೆ ಅವಳಿಗೆ ತಡೆಯಲಾಗಲಿಲ್ಲ. ಬ್ಯಾಗ್ ತಡಕಾಡಿ ಬಿಂದಿ ಪ್ಯಾಕೆಟ್ ತೆಗೆದಳು. ಇದ್ದುದರಲ್ಲಿ ದೊಡ್ಡದನ್ನು ಆರಿಸಿ ದೀಪದ ಮೇಲೆ ಒತ್ತಿಬಿಟ್ಟಳು.

"ಎರಡು ಗ್ಯಾರೇಜಿನವರ ಕೈಲಿ ಆಗದ್ದನ್ನು ಒಂದು ರೂಪಾಯಿಲಿ ಮಾಡಿದೆ ನೋಡಿ" ಅಂದಳು.

ನಾನೂ ನಕ್ಕೆ. ಸುಳ್ಳೇಕೆ ಹೇಳಲಿ, ನನಗೂ ಹಾಯೆನಿಸಿತು.

ಬಿಂದಿ ದೀಪವನ್ನೇನೋ ಮುಚ್ಚಿತು. ನಡುಕ ಹಾಗೇ ಇತ್ತು. ಕಾರು ಓಡುವಾಗ ಏನೂ ತಕರಾರಿಲ್ಲ. ಎಂಬತ್ತರಲ್ಲಿ ಹೋದರೂ ಸುಮ್ನೆ ಹೋಗುತ್ತದೆ. ಎಲ್ಲಾದರೂ ನಿಂತರೆ ಶುರು. ಸಕ್ರೆಬೈಲಿನ ಆನೆ ಬಿಡಾರದ ಹತ್ತಿರ ಪ್ರವಾಸಿಗರ ವಾಹನಗಳ ಹಿಂದೆ ಐದು ನಿಮಿಷ ನಿಂತರೆ ಸಾಕು, ಗೇರ್ ಲಿವರ್ ಮೇಲಿಟ್ಟ ಕೈ ಅದುರುತ್ತಿತ್ತು. ಹಿಂದಿನ ಲಾರಿಯ ಎರಡು ಹೆಡ್‌ಲೈಟು ಕನ್ನಡಿಯಲ್ಲಿ ನಾಲ್ಕಾಗಿ ಕಾಣುತ್ತಿದ್ದವು. ಬಾಟಲಿಯ ನೀರಿನಲ್ಲಿ ಸಣ್ಣ ಸಣ್ಣ ಉಂಗುರ. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಎಲ್ಲ ಮಾಯ. ಬಿಟ್ಟರೆ ಮತ್ತೆ ಅದೇ ಕುಲುಕಾಟ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಮಾತ್ರ ಒಳ್ಳೆ ಹುಡುಗನ ಹಾಗೆ ಇರುತ್ತಿತ್ತು. ಈ ಕೊನೆಯ ವಿಷಯ ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಂಡಿರಲಿಲ್ಲ.

ಕಾರು 2013ರದ್ದು. ನಾಲ್ಕು ಸಿಲಿಂಡರ್, 1200 ಸಿಸಿ ಪೆಟ್ರೋಲ್ ಎಂಜಿನ್. ಬೆಂಗಳೂರಿನಲ್ಲಿ ಒಬ್ಬರು ಓಡಿಸಿ ಮಾರಿದ್ದನ್ನು ನಾನು ತಂದೆ. ಆಗಲೇ ಒಂದು ಲಕ್ಷ ಕಿಲೋಮೀಟರ್ ಹತ್ತಿರ ಓಡಿತ್ತು. ನಮ್ಮ ಊರು-ಮನೆ ಓಡಾಟಕ್ಕೆ, ಅಡಿಕೆ ಚೀಲ ಹೇರಲಿಕ್ಕೆ, ಅಮ್ಮನನ್ನು ಶಿವಮೊಗ್ಗದ ಆಸ್ಪತ್ರೆಗೆ ಕರೆತರಲಿಕ್ಕೆ ಧಾರಾಳ ಸಾಕು. ಹೊಸದು ಕೊಳ್ಳುವ ಆಸೆಯೂ ಇಲ್ಲ, ಅಡಿಕೆ ರೇಟ್ ನಂಬಿಕೊಂಡು ಕೊಳ್ಳುವ ಧೈರ್ಯವೂ ಇಲ್ಲ.

ನಮ್ಮ ಮೆಕ್ಯಾನಿಕ್ಕುಗಳ ಭಾಷೆಯಲ್ಲಿ ಈ ನಡುಕಕ್ಕೆ 'ಮಿಸ್ಸಿಂಗ್' ಅಂತಾರೆ. "ಗಾಡಿ ಮಿಸ್ಸಿಂಗ್ ಹೊಡೀತಿದೆ." ನಾಲ್ಕು ಸಿಲಿಂಡರಿನಲ್ಲಿ ಒಂದು ತನ್ನ ಸರದಿ ಬಂದಾಗ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಊರಿನ ಒಂದು ಗ್ಯಾರೇಜಿಗೆ ಹೋದೆ. ಹುಡುಗ ಸ್ಟೀರಿಂಗ್ ಕೆಳಗೆ ಸ್ಕ್ಯಾನರ್ ಚುಚ್ಚಿದ. ಪಿ0303 ಎಂಬ ದೋಷದ ಕೋಡ್ ಬಂತು. "ಮೂರನೇ ಸಿಲಿಂಡರ್ ಮಿಸ್‌ಫೈರ್ ಸರ್. ಪ್ಲಗ್ ಹೋಗಿದೆ" ಅಂದ. ನಾಲ್ಕೂ ಪ್ಲಗ್ ಬದಲಾಯಿಸಿದರು. ಹುಡುಗ ಒಂದು ಬಟನ್ ಒತ್ತಿದ, ದೀಪ ಆರಿತು. 1,400 ರೂಪಾಯಿ ಬಿಲ್.

ಎರಡು ದಿನ ದೀಪ ಇಲ್ಲ. ಮೂರನೇ ದಿನ ಮತ್ತೆ ಹಾಜರ್.

ಇನ್ನೊಂದು ಗ್ಯಾರೇಜ್. ಅಲ್ಲೂ ಅದೇ ಪಿ0303. "ಪ್ಲಗ್ ಹೊಸದಿದೆ, ಹಾಗಾದ್ರೆ ಕಾಯಿಲ್" ಅಂದರು. ಕಾಯಿಲ್ ಅಂದರೆ ಪ್ಲಗ್ಗಿಗೆ ಕಿಡಿ ಹಾರಿಸುವ ಕರೆಂಟು ಕೊಡುವುದು. ಮೂರನೇ ಸಿಲಿಂಡರಿಗೆ ಹೊಸ ಕಾಯಿಲ್, 3,200. ಮತ್ತೆ ಎರಡು ದಿನ ನೆಮ್ಮದಿ. ಆಮೇಲೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್, ಗಾಳಿ ಬಿಡುವ ಥ್ರಾಟಲ್ ಬಾಡಿ ಎರಡರ ಕ್ಲೀನಿಂಗ್ ಅಂತ 1,800. ಒಟ್ಟು 6,400 ರೂಪಾಯಿ ಆದ ಮೇಲೆ ಬಂದದ್ದು ಬಿಂದಿ.

ಆ ಎರಡು ದಿನದ ನೆಮ್ಮದಿ ಎಲ್ಲಿಂದ ಬಂತು ಎಂದು ನನಗೆ ಆಮೇಲೆ ಗೊತ್ತಾಯಿತು. ಹೆಚ್ಚಿನ ದೋಷಗಳಿಗೆ ಕಾರಿನ ಕಂಪ್ಯೂಟರ್ ಒಂದೇ ಸಲಕ್ಕೆ ದೀಪ ಹಚ್ಚುವುದಿಲ್ಲ. ಒಂದು ಓಡಾಟದಲ್ಲಿ ತಪ್ಪು ಕಂಡರೆ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತದೆ. ಮುಂದಿನ ಓಡಾಟದಲ್ಲೂ ಅದೇ ತಪ್ಪು ಕಂಡರೆ ಆಗ ದೀಪ. ಅಂದರೆ ಬಟನ್ ಒತ್ತಿ ಅಳಿಸಿದ ಮೇಲೆ ದೀಪ ಬರಲಿಕ್ಕೆ ಹೇಗೂ ಒಂದೆರಡು ದಿನ ಬೇಕು. ಏನೂ ರಿಪೇರಿ ಮಾಡದೆ ಅಳಿಸಿದ್ದರೂ ಅಷ್ಟೇ ದಿನ ಆರಿರುತ್ತಿತ್ತು. ನಡುಕ ಮಾತ್ರ ಆಗಲೂ ಇತ್ತಲ್ಲ ಅಂತೀರಾ? ಇತ್ತು. ದುಡ್ಡು ಕೊಟ್ಟು ಬಂದ ಮೇಲೆ ಅದು ಸ್ವಲ್ಪ ಕಡಿಮೆ ಆದ ಹಾಗೆ ಅನ್ನಿಸುತ್ತದೆ. ಮನುಷ್ಯನ ಸ್ವಭಾವ.

ಗ್ಯಾರೇಜಿನವರು ಮೋಸ ಮಾಡಿದರು ಎಂದು ನಾನು ಹೇಳುವುದಿಲ್ಲ. ಅವರು ಸ್ಕ್ಯಾನರ್ ಹೇಳಿದ್ದನ್ನು ನಂಬಿದರು. ಸ್ಕ್ಯಾನರ್ ಹೇಳದೇ ಇದ್ದದ್ದನ್ನೂ ಸೇರಿಸಿಕೊಂಡು ನಂಬಿದರು, ಅಲ್ಲೇ ಎಡವಟ್ಟಾಗಿದ್ದು. ಪಿ0303 ಎಂದರೆ ಶಾಲೆಯ ಹಾಜರಿ ಪುಸ್ತಕದಲ್ಲಿ ಮೂರನೇ ನಂಬರಿನ ಹುಡುಗನ ಮುಂದೆ 'ಗೈರು' ಎಂದು ಬರೆದ ಹಾಗೆ. ಯಾಕೆ ಬಂದಿಲ್ಲ ಎಂದು ಪುಸ್ತಕ ಹೇಳುವುದಿಲ್ಲ. ಜ್ವರ ಇರಬಹುದು. ಮನೆಯಲ್ಲಿ ನಟ್ಟಿ ಇರಬಹುದು. ಹಳ್ಳ ಉಕ್ಕಿ ಸಂಕ ಕೊಚ್ಚಿಕೊಂಡು ಹೋಗಿರಬಹುದು. ಗೈರು ಎಂದ ತಕ್ಷಣ ಜ್ವರದ ಮಾತ್ರೆ ಕಳಿಸಿದರೆ ಹೇಗೆ?

ಈ ಗೈರುಹಾಜರಿಯನ್ನು ಕಂಪ್ಯೂಟರ್ ಕಂಡುಹಿಡಿಯುವ ರೀತಿ ಮಾತ್ರ ನನಗೆ ಬಹಳ ಹಿಡಿಸಿತು. ಸಿಲಿಂಡರಿನ ಒಳಗೆ ಇಣುಕಿ ನೋಡುವ ಕಣ್ಣೇನೂ ಅದಕ್ಕಿಲ್ಲ. ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ದಂಡದ ಜೊತೆ ತಿರುಗುವ ಹಲ್ಲಿನ ಚಕ್ರ ಒಂದಿದೆ, ಅದರ ಪಕ್ಕ ಒಂದು ಸೆನ್ಸರ್. ಹಲ್ಲುಗಳು ಎಷ್ಟು ಬೇಗ ಹಾದುಹೋಗುತ್ತವೆ ಎಂದು ಅದು ನೋಡುತ್ತಾ ಕೂತಿರುತ್ತದೆ. ನಿಂತಲ್ಲೇ ಓಡುವಾಗ ಎಂಜಿನ್ ನಿಮಿಷಕ್ಕೆ ಸುಮಾರು 750 ಸುತ್ತು ತಿರುಗುತ್ತದೆ. ನಾಲ್ಕು ಸಿಲಿಂಡರ್ ಸೇರಿ ಸೆಕೆಂಡಿಗೆ 25 ಸಲ ಉರಿಯುತ್ತವೆ. ಪ್ರತಿ ಸಲ ಉರಿದಾಗ ಚಕ್ರಕ್ಕೆ ಒಂದು ಸಣ್ಣ ತಳ್ಳು. ಸರದಿ 1-3-4-2. ಒಂದರದ್ದು ಸಿಕ್ಕಿತು, ಮೂರರದ್ದು ಸಿಗಲಿಲ್ಲ, ನಾಲ್ಕರದ್ದು ಸಿಕ್ಕಿತು. ಆ ಒಂದು ಕ್ಷಣ ಚಕ್ರ ಕೂದಲೆಳೆಯಷ್ಟು ನಿಧಾನವಾಗುತ್ತದೆ. ಸೆಕೆಂಡಿಗೆ ಆರು ಸಲ ಹೀಗೆ. ಅದನ್ನು ಎಣಿಸಿ, ಯಾರ ಸರದಿಯಲ್ಲಿ ಆಯಿತು ಎಂದು ಲೆಕ್ಕ ಹಾಕಿ ಬರೆದಿಡುತ್ತದೆ. ನಮ್ಮ ಕೈಗೆ ನಡುಕವಾಗಿ ಗೊತ್ತಾಗುವುದೂ ಅದೇ, ಅದಕ್ಕೆ ಲೆಕ್ಕವಾಗಿ ಗೊತ್ತಾಗುವುದೂ ಅದೇ. ತಮಾಷೆ ಅಂದರೆ, ಹೊಂಡದ ರಸ್ತೆಯಲ್ಲಿ ಹೋಗುವಾಗ ಚಕ್ರಗಳ ಎತ್ತಾಟಕ್ಕೂ ಕ್ರ್ಯಾಂಕ್ ವೇಗ ಹೀಗೇ ಏರುಪೇರಾಗುತ್ತದೆ. ಅದಕ್ಕೇ ಕೆಲವು ಕಾರುಗಳಲ್ಲಿ, ರಸ್ತೆ ಕೆಟ್ಟದಾಗಿದ್ದರೆ ಈ ಎಣಿಕೆ ನಿಲ್ಲಿಸುವ ಏರ್ಪಾಡು ಇರುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಅವು ಎಣಿಸುವುದೇ ಅಪರೂಪ ಇರಬೇಕು.

ಅಮೆರಿಕದಲ್ಲಿ 1996ರಿಂದಲೇ ಎಲ್ಲ ಕಾರಿಗೂ, ಕಾರು ತನ್ನ ದೋಷ ತಾನೇ ಕಂಡು ಬರೆದಿಡುವ ಈ ಒಬಿಡಿ-2 ಪದ್ಧತಿ ಬಂತು. ನಮ್ಮಲ್ಲಿ ಬಿಎಸ್-4 ಎಂಬ ಹೊಗೆ ನಿಯಮದ ಕಾರುಗಳಿಗೆ 2013ರ ಏಪ್ರಿಲ್‌ನಿಂದ. ಹಾಗಾಗಿ ನಮ್ಮ ಕಾರು ಈ ವಿಷಯದಲ್ಲಿ ಮೊದಲ ಬ್ಯಾಚಿನ ವಿದ್ಯಾರ್ಥಿ.

ಮಿಸ್ಸಿಂಗ್ ಇದೆ ಅಂತ ಗೊತ್ತಾದರೆ ಸಾಕು, ಊರಿಗೆ ಊರೇ ಡಾಕ್ಟರ್ ಆಗುತ್ತದೆ. ಪೆಟ್ರೋಲ್ ಬಂಕಿನಲ್ಲಿ, ಮಂಡಿಯಲ್ಲಿ, ಮದುವೆ ಮನೆಯಲ್ಲಿ ಎಲ್ಲರದ್ದೂ ಒಂದೇ ಉತ್ತರ: "ಇ20 ಮಾರಾಯ, ಇ20. ಪೆಟ್ರೋಲಿಗೆ ಸ್ಪಿರಿಟ್ ಬೆರೆಸಿದ್ದಾರೆ, ಹಳೇ ಗಾಡಿ ಎಲ್ಲ ಮುಗೀತು." ಇ20 ಅಂದರೆ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆಸಿದ ಪೆಟ್ರೋಲ್. ನಾನೂ ಅದನ್ನೇ ನಂಬಿದ್ದೆ. ತಪ್ಪನ್ನು ಸರ್ಕಾರದ ಮೇಲೆ ಹಾಕುವಷ್ಟು ಸುಖ ಬೇರೆ ಯಾವುದರಲ್ಲಿದೆ? ಎಥೆನಾಲ್‌ನಲ್ಲಿ ಆಮ್ಲಜನಕ ಇರುತ್ತದೆ, ಅದಕ್ಕೆ ಉರಿಯಲು ಗಾಳಿ ಕಡಿಮೆ ಸಾಕು. ಬರೀ ಪೆಟ್ರೋಲಿನ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕಾದರೆ ಬರೀ ಎಥೆನಾಲಿಗೆ 9 ಪಾಲು. ಹಾಗಾಗಿ ಇ20 ಹಾಕಿದಾಗ ಕಂಪ್ಯೂಟರ್ ಸ್ವಲ್ಪ ಜಾಸ್ತಿ ಪೆಟ್ರೋಲ್ ಬಿಟ್ಟು ಸರಿದೂಗಿಸಬೇಕು. ಮೈಲೇಜ್ ಕಡಿಮೆಯಾಗುತ್ತದೆ, ಹಳೆ ರಬ್ಬರ್ ಪೈಪುಗಳಿಗೂ ಒಳ್ಳೆಯದಲ್ಲ. ಅದೆಲ್ಲ ನಿಜ. ನಮ್ಮ ಕಾರಿನ ಮೂರನೇ ಸಿಲಿಂಡರಿಗೆ ಅದು ಸಂಬಂಧವೇ ಇಲ್ಲ ಎಂದು ತೋರಿಸಿಕೊಟ್ಟವರು ಬೇರೆ, ಅವರ ಕಥೆ ಈಗ ಬರುತ್ತದೆ.

ಇನ್ನು ಇಲಿ. ಮಲೆನಾಡಿನಲ್ಲಿ ಕಾರಿನ ಕಾಯಿಲೆ ಹುಡುಕುವಾಗ ಇಲಿಯನ್ನು ಮರೆಯುವ ಹಾಗಿಲ್ಲ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಅಂದರೆ ಒಂದು ಬಚ್ಚಲ ಒಲೆ, ಇನ್ನೊಂದು ಆಗ ತಾನೇ ನಿಲ್ಲಿಸಿದ ಕಾರಿನ ಎಂಜಿನ್. ಹಿಂದಿನ ವರ್ಷ ನಮ್ಮ ಬಾನೆಟ್ ಒಳಗೆ ಅಡಿಕೆ ಸಿಪ್ಪೆ, ಹಾಳೆಯ ಚೂರು, ಅಮ್ಮನ ಹಳೇ ಸೀರೆಯ ಅಂಚು ಎಲ್ಲ ಸೇರಿಸಿ ಒಂದು ಬಾಣಂತಿ ಕೋಣೆಯೇ ತಯಾರಾಗಿತ್ತು. ಜೊತೆಗೆ ಇಂಜೆಕ್ಟರ್ ವೈರ್ ಒಂದನ್ನು ಕಡಿದಿತ್ತು. ಆಗಲೂ ಇದೇ ಥರ ಮಿಸ್ಸಿಂಗ್. ಅಂದಿನಿಂದ ಬ್ಯಾಟರಿ ಪಕ್ಕ ಹೊಗೆಸೊಪ್ಪಿನ ಒಂದು ಕಟ್ಟು ಕಟ್ಟಿದ್ದೇನೆ. ಅದಕ್ಕೆ ಹೆದರಿವೆಯೋ, ಪಕ್ಕದ ಮನೆಯ ಜೀಪು ಇನ್ನೂ ಚೆನ್ನಾಗಿದೆ ಅಂತ ಹೋಗಿವೆಯೋ. ಈ ಸಲ ಟಾರ್ಚ್ ಹಿಡಿದು ವೈರ್ ಎಲ್ಲ ನೋಡಿದೆ. ಕಡಿತ ಇರಲಿಲ್ಲ. ಕಾಯಿಲ್ ಸೀಳಿದ್ದರೆ ಕತ್ತಲಲ್ಲಿ ನೀರು ಚಿಮುಕಿಸಿದಾಗ ನೀಲಿ ಕಿಡಿ ಕಾಣುತ್ತದೆ ಅಂತಾರೆ. ನಮ್ಮೂರಲ್ಲಿ ಚಿಮುಕಿಸುವ ಕೆಲಸ ಆಕಾಶವೇ ಮಾಡುತ್ತದೆ. ರಾತ್ರಿ ಬಾನೆಟ್ ತೆರೆದು ಕೊಡೆ ಹಿಡಿದು ನಿಂತೆ. ಕಿಡಿಯೂ ಇಲ್ಲ.

ಕೊನೆಗೆ ನಾನೇ ಆನ್‌ಲೈನಿನಲ್ಲಿ ಒಂದು ಬ್ಲೂಟೂತ್ ಡಾಂಗಲ್ ತರಿಸಿದೆ. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು. ಸ್ಟೀರಿಂಗ್ ಕೆಳಗಿನ ಹದಿನಾರು ಪಿನ್ನಿನ ಸಾಕೆಟ್ಟಿಗೆ ಚುಚ್ಚಿ ಫೋನಿನಲ್ಲಿ ನೋಡುವುದು. ಅದರಲ್ಲಿ 'ಫ್ರೀಜ್ ಫ್ರೇಮ್' ಎಂಬುದೊಂದು ಸಿಕ್ಕಿತು. ದೋಷ ದಾಖಲಾದ ಆ ಗಳಿಗೆಯಲ್ಲಿ ಎಂಜಿನ್ ಯಾವ ಸ್ಥಿತಿಯಲ್ಲಿತ್ತು ಎಂಬುದರ ಒಂದು ಫೋಟೋ ಇದ್ದ ಹಾಗೆ. ನಮ್ಮದರಲ್ಲಿ ಹೀಗಿತ್ತು: ವೇಗ ಸೊನ್ನೆ, 740 ಆರ್‌ಪಿಎಂ, ಕೂಲೆಂಟ್ 92 ಡಿಗ್ರಿ. ಎಂಜಿನ್ ಪೂರ್ತಿ ಬಿಸಿಯಾಗಿ, ನಿಂತಲ್ಲೇ ಓಡುವಾಗ. ಕೋಡ್ ಅಳಿಸಿದಾಗ ಈ ಫೋಟೋ ಸಹ ಅಳಿಸಿಹೋಗುತ್ತದೆ. ಎರಡೂ ಗ್ಯಾರೇಜಿನಲ್ಲಿ ಅದನ್ನು ನೋಡದೆಯೇ ಅಳಿಸಿದ್ದರು. ಸಾಕ್ಷಿಯನ್ನು ಒರೆಸಿ ಕಳ್ಳನನ್ನು ಹುಡುಕಿದ ಹಾಗೆ.

ಅದನ್ನು ಚೀಟಿಯಲ್ಲಿ ಬರೆದುಕೊಂಡು ಒಂದು ಶನಿವಾರ ತೀರ್ಥಹಳ್ಳಿ ಕಡೆಯ ಒಬ್ಬ ಹಳೇ ಮೇಸ್ತ್ರಿಯ ಹತ್ತಿರ ಹೋದೆ. ಜೀಪು, ವ್ಯಾನು, ಟಿಲ್ಲರ್ ಎಲ್ಲ ಮಾಡುತ್ತಾರೆ. ತಗಡಿನ ಶೆಡ್ಡು. ಮುಂದೆ ಕೆಸರು, ಕೆಸರಿನ ಮೇಲೆ ಅಡಿಕೆ ದಬ್ಬೆ ಹಾಸಿದ್ದಾರೆ. ಪುಷ್ಯ ಮಳೆ ಧೋ ಎಂದು ಸುರಿಯುತ್ತಿತ್ತು. ಕಾರು ಒಳಗೆ ಹಾಕಿ ಎಂಜಿನ್ ಆಫ್ ಮಾಡದೆ ಇಳಿದೆ. ಅವರು ಕಿವಿಗೆ ಕೈ ಹಿಡಿದು ನೋಡಿದರು, ತಲೆಯಾಡಿಸಿದರು.

"ತಗಡಿನ ಸದ್ದಿಗೆ ಎಂಥದೂ ಕೇಳೋದಿಲ್ಲ. ಮಳೆ ಸ್ವಲ್ಪ ಹೊಳವಾಗ್ಲಿ. ಚಾ ಕುಡಿವ."

ಮಳೆ ನಿಲ್ಲಲಿ, ಆಮೇಲೆ ಕಾಯಿಲೆ ನೋಡೋಣ ಎಂದ ಮೆಕ್ಯಾನಿಕ್ಕನ್ನು ನಾನು ಮೊದಲ ಸಲ ನೋಡಿದ್ದು. ಚಾ ಕುಡಿಯುತ್ತಾ ಪ್ರಶ್ನೆ ಕೇಳಿದರು. ತಣ್ಣಗಿದ್ದಾಗ ಮಾಡುತ್ತದಾ, ಬಿಸಿಯಾದ ಮೇಲಾ? ಗುಡ್ಡ ಹತ್ತುವಾಗ ಎಳೆತ ಕಡಿಮೆಯಾಗಿದೆಯಾ? ಆಗುಂಬೆ ಘಾಟಿ ಹತ್ತಿದ್ದೀರಾ ಈಚೆಗೆ? ಹಿಂದೆ ಗ್ಯಾಸ್ ಕಿಟ್ ಇತ್ತಾ? ಟ್ಯಾಪೆಟ್ ಯಾವಾಗ ಸೆಟ್ ಮಾಡಿದ್ದು? ಕೊನೆಯದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ಗ್ಯಾರೇಜಿನಲ್ಲಿ ಯಾರೂ ಇದರಲ್ಲಿ ಒಂದನ್ನೂ ಕೇಳಿರಲಿಲ್ಲ.

ಆಮೇಲೆ ಒಳಗೆ ಬಗ್ಗಿ ನೋಡಿ, "ಇದು ಯಾರ ರಿಪೇರಿ?" ಅಂದರು. ಬಿಂದಿ.

"ಮನೆಯವರದ್ದು."

"ಎಲ್ಲಾ ರಿಪೇರಿಗಿಂತ ಇದೇ ಅಗ್ಗದ್ದು ಬಿಡಿ" ಎಂದು ನಕ್ಕರು. ಆದರೆ ಉಗುರಿನಿಂದ ಕಿತ್ತು ನನ್ನ ಕೈಗೇ ಕೊಟ್ಟರು. "ಈ ಲೈಟು ನಿಂತು ಉರಿದ್ರೆ ನಿಧಾನ ನೋಡಬಹುದು ಸರ್. ಪಕ್ ಪಕ್ ಅಂತ ಮಿನುಗಿದ್ರೆ ಅಲ್ಲೇ ನಿಲ್ಲಿಸ್ಬೇಕು. ಉರೀದೇ ಇದ್ದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಕ್ಯಾಟ್ ಸುಟ್ಟುಹಾಕ್ತದೆ. ಇದನ್ನ ಅಂಟಿಸ್ಕೊಂಡ್ರೆ ಮಿನುಗಿದ್ದು ನಿಮಗೆ ಹೇಗೆ ಗೊತ್ತಾಗ್ಬೇಕು?"

ಕ್ಯಾಟ್ ಎಂದರೆ ಕ್ಯಾಟಲಿಟಿಕ್ ಕನ್ವರ್ಟರ್, ಹೊಗೆಯನ್ನು ಶುದ್ಧ ಮಾಡುವ ಭಾಗ. ಅದರ ಬೆಲೆ ಕೇಳಿದರೆ ನಮ್ಮಂಥ ಕಾರಿನವರು ಕಾರನ್ನೇ ಮಾರುತ್ತಾರೆ. ಒಂದೂವರೆ ತಿಂಗಳು ಅದು ಮಿನುಗಿತ್ತೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ.

ಮಳೆ ಹೊಳವಾಯಿತು. ಒಂದು ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡು ತುದಿಯನ್ನು ಇಂಜೆಕ್ಟರ್ ಮೇಲಿಟ್ಟು ಹಿಡಿಕೆಯನ್ನು ಕಿವಿಗೆ ಒತ್ತಿಕೊಂಡರು. ನಾಲ್ಕಕ್ಕೂ ಹಾಗೇ. "ನಾಲ್ಕೂ ಟಿಕ್ ಟಿಕ್ ಅಂತಿದಾವೆ." ಆಮೇಲೆ ಒಂದೊಂದೇ ಇಂಜೆಕ್ಟರಿನ ಕನೆಕ್ಟರ್ ಬಿಚ್ಚಿದರು. ಒಂದನೆಯದು ಬಿಚ್ಚಿದಾಗ ಎಂಜಿನ್ ಇನ್ನೇನು ನಿಂತೇಬಿಟ್ಟಿತು ಎನ್ನುವ ಹಾಗೆ ಹೊಯ್ದಾಡಿತು. ಹಾಕಿದರು. ಎರಡು, ಹಾಗೇ. ನಾಲ್ಕು, ಹಾಗೇ. ಮೂರನೆಯದು ಬಿಚ್ಚಿದರೆ ಏನೂ ವ್ಯತ್ಯಾಸವಿಲ್ಲ. ಅದೇ ನಡುಕ, ಅದೇ ಸದ್ದು.

"ಕೆಲಸ ಮಾಡದ ಆಳನ್ನ ಮನೆಗೆ ಕಳಿಸಿದ್ರೆ ಕೆಲಸ ನಿಲ್ತದಾ?"

ಸ್ಕ್ಯಾನರ್ ಹೇಳಿದ್ದನ್ನೇ ಅವರು ಸ್ಕ್ಯಾನರ್ ಇಲ್ಲದೆ ಎರಡು ನಿಮಿಷದಲ್ಲಿ ಹೇಳಿದರು. ಅದೇನು ದೊಡ್ಡದಲ್ಲ. ಮುಂದಿನದು ದೊಡ್ಡದು. ಮೂರರ ಕಾಯಿಲನ್ನು ಎರಡಕ್ಕೆ, ಎರಡರದ್ದನ್ನು ಮೂರಕ್ಕೆ ಹಾಕಿದರು. ಮೂರರ ಪ್ಲಗ್ಗನ್ನು ನಾಲ್ಕಕ್ಕೆ, ನಾಲ್ಕರದ್ದನ್ನು ಮೂರಕ್ಕೆ. ಮತ್ತೆ ಸ್ಟಾರ್ಟ್ ಮಾಡಿ ಅದೇ ಕನೆಕ್ಟರ್ ಪರೀಕ್ಷೆ. ಈಗಲೂ ಗೈರು ಮೂರನೆಯವನೇ. "ಆಳನ್ನ ಬದಲಾಯಿಸಿದ್ವಿ, ಕಾಯಿಲೆ ಅದೇ ಕೋಣೆಲಿದೆ. ಅಂದ್ರೆ ಕೋಣೆದೇ ತೊಂದ್ರೆ" ಅಂದರು. ಒಂದು ಪೈಸೆ ಸಾಮಾನು ಇಲ್ಲ, ಹತ್ತು ನಿಮಿಷದ ಕೆಲಸ. ನನ್ನ 4,600 ರೂಪಾಯಿಯ ಪ್ಲಗ್ಗು ಮತ್ತು ಕಾಯಿಲು ಅಲ್ಲೇ ಕುಳಿತು ನನ್ನನ್ನು ನೋಡುತ್ತಿದ್ದವು.

ಇ20 ವಿಷಯ ನಾನು ಎತ್ತಿದೆ. ಅವರು ಕೈ ಒರೆಸಿಕೊಳ್ಳುತ್ತಾ ಹೇಳಿದ್ದು: "ನಾಲ್ಕು ಜನ ಒಂದೇ ಪಂಕ್ತಿಲಿ ಕೂತು ಊಟ ಮಾಡಿದ್ದಾರೆ ಸರ್. ಒಬ್ಬನಿಗೇ ಭೇದಿ ಆದ್ರೆ ಅಡುಗೆಯವನನ್ನ ಹೊಡೀಲಿಕ್ಕೆ ಹೋಗ್ತೀರಾ?"

ಆಮೇಲೆ ಮಾಡಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಗೋಡೆಯ ಕ್ಯಾಲೆಂಡರಿನಿಂದ ನಿನ್ನೆಯ ಹಾಳೆ ಹರಿದುಕೊಂಡು ಕಾರಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತರು. ಸೈಲೆನ್ಸರ್ ಬಾಯಿಗೆ ಹಾಳೆ ಅಡ್ಡ ಹಿಡಿದರು. ಹೊಗೆಯ ಗಾಳಿಗೆ ಹಾಳೆ ಹೊರಗೆ ಪಟಪಟ ಬಡಿದುಕೊಳ್ಳುತ್ತಿತ್ತು. ನಡುನಡುವೆ, ಯಾರೋ ಒಳಗಿಂದ ಉಸಿರು ಎಳೆದುಕೊಂಡ ಹಾಗೆ, ಪಟ್ ಎಂದು ಪೈಪಿಗೆ ಅಂಟಿಕೊಂಡು ಬಿಡುತ್ತಿತ್ತು. ಹೊರಗೆ, ಹೊರಗೆ, ಹೊರಗೆ, ಪಟ್. ನನ್ನ ಕೈಗೆ ಕೊಟ್ಟು ಹಿಡಿಯಿರಿ ಅಂದರು. ಬೆರಳಿಗೇ ಗೊತ್ತಾಗುತ್ತಿತ್ತು.

"ಎಗ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ತಾ ಇಲ್ಲ. ಪಿಸ್ಟನ್ ಕೆಳಗೆ ಇಳಿವಾಗ ಎದುರಿಂದ ಗಾಳಿ ಎಳೀಬೇಕು, ಇದು ಹಿತ್ತಿಲ ಬಾಗಿಲಿಂದಲೂ ಎಳೀತಿದೆ."

ಎಗ್ಸಾಸ್ಟ್ ವಾಲ್ವ್ ಅಂದರೆ ಸಿಲಿಂಡರಿನಿಂದ ಹೊಗೆ ಹೊರಗೆ ಬಿಡುವ ಬಾಗಿಲು. ತಮ್ಮದು ಅಂದಾಜು ಅಷ್ಟೇ ಎಂದು ಅವರೇ ಹೇಳಿ, ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ತೆಗೆದರು. ನಾಲ್ಕೂ ಪ್ಲಗ್ ಬಿಚ್ಚಿ, ಕಾಯಿಲ್ ಮತ್ತು ಇಂಜೆಕ್ಟರ್ ಕನೆಕ್ಟರ್ ತೆಗೆದು, ನನ್ನನ್ನು ಸೀಟಿನಲ್ಲಿ ಕೂರಿಸಿ ಆಕ್ಸಿಲರೇಟರ್ ಪೂರ್ತಿ ಒತ್ತಿಕೊಂಡು ಸೆಲ್ಫ್ ಹೊಡೆಸಿದರು. ಒಂದನೆಯದು 172 ಪಿಎಸ್‌ಐ. ಎರಡನೆಯದು 170. ನಾಲ್ಕನೆಯದು 174. ಮೂರನೆಯದು 118. ಮೂರಕ್ಕೆ ಪ್ಲಗ್ಗಿನ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಇನ್ನೊಮ್ಮೆ ನೋಡಿದರು. ಪಿಸ್ಟನ್ ರಿಂಗ್ ಸವೆದಿದ್ದರೆ ಆಯಿಲ್ ಸಂದನ್ನು ತುಂಬಿ ಅಂಕಿ ಮೇಲೇರುತ್ತದೆ. ವಾಲ್ವ್ ಆಗಿದ್ದರೆ ಏರುವುದಿಲ್ಲ. 120 ಬಂತು. ಏರಲಿಲ್ಲ ಅಂತಲೇ ಲೆಕ್ಕ.

ನನ್ನ ಎದೆ ಡವಡವ. ವಾಲ್ವ್ ಅಂದರೆ ಹೆಡ್ ಇಳಿಸಬೇಕು, ಲೇತ್‌ಗೆ ಕಳಿಸಬೇಕು, ಖರ್ಚು ಸಾವಿರಗಳಲ್ಲಿ. ಅವರು ಮಾತ್ರ ಬಾನೆಟ್ ಮುಚ್ಚಿಬಿಟ್ಟರು. "ಮೊದ್ಲು ಟ್ಯಾಪೆಟ್ ನೋಡ್ವ. ಅದಕ್ಕೆ ಎಂಜಿನ್ ತಣ್ಣಗಾಗ್ಬೇಕು. ನಾಳೆ ಬೆಳಿಗ್ಗೆ ಬನ್ನಿ."

ಬಸ್ಸಿನಲ್ಲಿ ಊರಿಗೆ ಹೋದೆ. ಅಪ್ಪಯ್ಯ ಜಗುಲಿಯಲ್ಲಿ ಕೂತಿದ್ದರು. "ಎಷ್ಟು ಹೇಳಿದ?" ಅಂದರು. "ಏನೂ ಹೇಳಿಲ್ಲ." "ಏನೂ ಹೇಳದಿದ್ದವನೇ ಜಾಸ್ತಿ ಕೇಳೋದು" ಎಂದು ಕವಳದ ತಟ್ಟೆ ಎಳೆದುಕೊಂಡರು.

ಬೆಳಿಗ್ಗೆ ಹೋಗುವಷ್ಟರಲ್ಲಿ ಟ್ಯಾಪೆಟ್ ಕವರ್ ಬಿಚ್ಚಿಯಾಗಿತ್ತು. ಒಳಗೆ ಕಂದು ಆಯಿಲ್ ಬಳಿದುಕೊಂಡ ರಾಕರ್ ಆರ್ಮ್‌ಗಳ ಸಾಲು. ಒಂದೊಂದರ ತುದಿಗೂ ಒಂದು ಸ್ಕ್ರೂ, ಒಂದು ಲಾಕ್‌ನಟ್. ವಾಲ್ವಿನ ತಲೆಗೂ ಆ ಸ್ಕ್ರೂವಿಗೂ ನಡುವೆ ಒಂದು ಚೂರು ಸಂದು ಇರಬೇಕು. ಟ್ಯಾಪೆಟ್ ಸೆಟ್ ಮಾಡುವುದು ಅಂದರೆ ಈ ಸಂದನ್ನು ಸರಿ ಮಾಡುವುದು. ಎಗ್ಸಾಸ್ಟ್ ವಾಲ್ವಿಗೆ ಮಿಲಿಮೀಟರಿನ ಕಾಲು ಭಾಗಕ್ಕಿಂತ ತುಸು ಜಾಸ್ತಿ. ಫೀಲರ್ ಗೇಜ್ ಎಂದರೆ ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುವ ತೆಳು ತಗಡುಗಳ ಕಟ್ಟು. ಸರಿಯಾದ ದಪ್ಪದ ತಗಡು ತೂರಿಸಿ ಎಳೆದರೆ, ಮುಚ್ಚಿದ ಪುಸ್ತಕದಿಂದ ಬಿಡಿ ಹಾಳೆ ಎಳೆದ ಹಾಗೆ ಸ್ವಲ್ಪ ಹಿಡಿದು ಬಿಡಬೇಕು. ನನಗೂ ಒಂದನೇ ಸಿಲಿಂಡರಿನಲ್ಲಿ ಎಳೆದು ನೋಡಲು ಕೊಟ್ಟರು. ಸ್ವಲ್ಪ ಬಿಗಿ ಇತ್ತು, ಆದರೂ ಬಂತು. ಮೂರನೇ ಸಿಲಿಂಡರಿನ ಎರಡು ಎಗ್ಸಾಸ್ಟ್ ವಾಲ್ವುಗಳಲ್ಲಿ ಒಂದರಲ್ಲಿ ಯಾವ ತಗಡೂ ಹೋಗಲಿಲ್ಲ. ಕಟ್ಟಿನಲ್ಲೇ ತೆಳುವಾದದ್ದು 0.05. ಅದೂ ಹೋಗಲಿಲ್ಲ.

ಆಗ ನನಗೆ ಎಲ್ಲ ಸಾಲುಗೂಡಿತು. ವಾಲ್ವು ವರ್ಷಗಟ್ಟಲೆ ಬಡಿದು ಬಡಿದು ತನ್ನ ಪೀಠವನ್ನೇ ಸವೆಸುತ್ತದೆ. ಸವೆದಷ್ಟೂ ಅದು ಮೇಲೆ ಬರುತ್ತದೆ, ಸಂದು ಕಿರಿದಾಗುತ್ತದೆ. ತಣ್ಣಗಿರುವಾಗ ಹೇಗೋ ಮುಚ್ಚಿಕೊಳ್ಳುತ್ತದೆ. ಎಂಜಿನ್ ಬಿಸಿಯಾದ ಮೇಲೆ ವಾಲ್ವಿನ ಕಡ್ಡಿ ಉದ್ದವಾಗಿ, ಉಳಿದ ಸಂದೂ ಹೋಗಿ, ಬಾಗಿಲು ಒಂದು ಎಳೆಯಷ್ಟು ತೆರೆದೇ ಇರುತ್ತದೆ. ಬೆಳಿಗ್ಗೆ ಒಳ್ಳೆ ಹುಡುಗ, ಸಕ್ರೆಬೈಲಿನಲ್ಲಿ ನಡುಗುವವ. ನಿಧಾನ ಓಡುವಾಗ ಸೋರಲಿಕ್ಕೆ ಪುರಸೊತ್ತು ಜಾಸ್ತಿ. ಜೋರು ಓಡುವಾಗ ಸೋರುವಷ್ಟರಲ್ಲಿ ಉರಿದು ಮುಗಿದಿರುತ್ತದೆ. ಆಕ್ಸಿಲರೇಟರ್ ಒತ್ತಿದರೆ ಮಾಯವಾಗುತ್ತಿದ್ದದ್ದು ಅದಕ್ಕೇ. 92 ಡಿಗ್ರಿ, 740 ಆರ್‌ಪಿಎಂ, ವೇಗ ಸೊನ್ನೆ ಎಂಬ ಚೀಟಿ ನನ್ನ ಜೇಬಿನಲ್ಲೇ ಇತ್ತು. ಓದಲಿಕ್ಕೆ ಬರುತ್ತಿರಲಿಲ್ಲ ಅಷ್ಟೇ.

ಹೀಗೇ ಬಿಟ್ಟಿದ್ದರೆ ವಾಲ್ವು ಸುಟ್ಟುಹೋಗುತ್ತಿತ್ತಂತೆ. ಎಗ್ಸಾಸ್ಟ್ ವಾಲ್ವಿನ ತಲೆ ಏಳುನೂರು ಡಿಗ್ರಿ ಸುತ್ತಮುತ್ತ ಕಾಯುತ್ತದೆ. ಆ ಬಿಸಿ ಇಳಿಯುವುದು ಹೆಚ್ಚಾಗಿ ಪೀಠಕ್ಕೆ ಕೂತಾಗಲೇ. ಕೂರಲು ಜಾಗವೇ ಸಿಗದಿದ್ದರೆ ಆರುವುದು ಯಾವಾಗ?

"ನಮ್ಮದು ಸದ್ದೇ ಮಾಡ್ತಿರಲಿಲ್ಲವಲ್ಲ ಮೇಸ್ತ್ರಿ" ಅಂದೆ. ಟ್ಯಾಪೆಟ್ ಹಾಳಾದರೆ ಟಿಕ್ ಟಿಕ್ ಸದ್ದು ಬರುತ್ತದೆ ಎಂದು ನಾನು ತಿಳಿದಿದ್ದೆ.

"ಸದ್ದು ಮಾಡೋ ಟ್ಯಾಪೆಟ್‌ಗೆ ಸಂದು ಉಂಟು ಅಂತ ಅರ್ಥ ಸರ್. ಸುಮ್ನಾದ ಟ್ಯಾಪೆಟ್‌ಗೆ ಹೆದರ್ಬೇಕು. ಜನ ಏನ್ಮಾಡ್ತಾರೆ, ಸದ್ದು ಅಂತ ಬಂದು ಬಿಗಿ ಮಾಡಿಸ್ಕೊಂಡು ಹೋಗ್ತಾರೆ. ಇದೂ ಹಾಗೇ ಯಾರೋ ಬೆಂಗ್ಳೂರಲ್ಲಿ ಮಾಡಿಸಿದ್ರೂ ಮಾಡಿಸಿರ್ಬಹುದು."

ಕಾರಿನ ಜೊತೆ ಬಂದ ಪುಸ್ತಕದಲ್ಲಿ 40,000 ಕಿಲೋಮೀಟರಿಗೆ ಒಮ್ಮೆ ಈ ಸಂದು ನೋಡಿಸಿ ಎಂದು ಬರೆದಿದೆ. ನಾನು ಆ ಪುಸ್ತಕವನ್ನು ಇನ್ಶೂರೆನ್ಸ್ ಕಾಗದ ಮಡಚದ ಹಾಗೆ ಇಡಲಿಕ್ಕೆ ಬಳಸುತ್ತಿದ್ದೆ. ಎಲ್ಲ ಕಾರಿಗೂ ಈ ಕೆಲಸ ಇರುವುದಿಲ್ಲ. ಹಲವು ಎಂಜಿನ್ನುಗಳಲ್ಲಿ ಆಯಿಲ್ ಒತ್ತಡದಿಂದ ತಾನೇ ಸರಿಹೊಂದಿಸಿಕೊಳ್ಳುವ ಟ್ಯಾಪೆಟ್ ಇರುತ್ತದೆ. ನಿಮ್ಮದು ಯಾವುದು ಎಂದು ಪುಸ್ತಕ ತೆರೆದು ನೋಡಿ, ಒಂದು ನಿಮಿಷದ ಕೆಲಸ.

ಹದಿನಾರೂ ವಾಲ್ವು ಸೆಟ್ ಮಾಡಿ, ಹೊಸ ಪ್ಯಾಕಿಂಗ್ ಹಾಕಿ ಕವರ್ ಮುಚ್ಚಿದರು. ಬಿಸಿ ಮಾಡಿ ಮೂರನೆಯದರ ಕಂಪ್ರೆಷನ್ ಮತ್ತೆ ನೋಡಿದರು. 162. "ಪೂರ್ತಿ ಬಂದಿಲ್ಲ. ಸ್ವಲ್ಪ ಸುಟ್ಟಿರ್ಬಹುದು. ಐದು ಸಾವಿರ ಕಿಲೋಮೀಟರ್ ಓಡಿಸಿ ತನ್ನಿ, ಇನ್ನೊಂದ್ಸಲ ನೋಡ್ವ. ಆಗ್ಲೂ ಸಂದು ಮುಚ್ಚಿದ್ರೆ ಹೆಡ್ ಇಳಿಸುವ." ಸೈಲೆನ್ಸರಿಗೆ ಕ್ಯಾಲೆಂಡರ್ ಹಾಳೆ ಹಿಡಿದೆ. ಹೊರಗೇ ಪಟಪಟ. ಒಳಗೆ ಎಳೆಯಲಿಲ್ಲ. ಕೋಡನ್ನು ಈ ಸಲ ನಾನೇ ಅಳಿಸಿದೆ, ಚೀಟಿಯಲ್ಲಿ ಬರೆದುಕೊಂಡ ಮೇಲೆ. ಕೂಲಿ 900, ಪ್ಯಾಕಿಂಗ್ 450. ಅಪ್ಪಯ್ಯನಿಗೆ ಫೋನ್ ಮಾಡಿ ಹೇಳಿದೆ. "ಬಿಲ್ ಕೊಟ್ಟಿದ್ದಾನಾ?" ಅಂದರು.

ಮುಂದಿನ ಶನಿವಾರ ಮತ್ತೆ ಇಬ್ಬರೂ ಊರಿಗೆ ಹೊರಟೆವು. ಮಂಡಗದ್ದೆಯಲ್ಲಿ ಹೊಳೆ ನಡುವಿನ ಮರಗಳ ತುಂಬ ಬೆಳ್ಳಕ್ಕಿ. ನೋಡಲಿಕ್ಕೆ ಅಂತ ರಸ್ತೆ ಬದಿ ನಿಲ್ಲಿಸಿದೆ, ಎಂಜಿನ್ ಆಫ್ ಮಾಡಲಿಲ್ಲ. ಬಾಟಲಿಯ ನೀರು ಅಲುಗಲಿಲ್ಲ. ಗಾಜಿನ ಮೇಲೆ ಬಿಂದಿಯ ಗೋಂದಿನ ಕಲೆ ಮಾತ್ರ ಹಾಗೇ ಇದೆ, ದುಂಡಗೆ, ಹಿಂದೆ ದೀಪ ಇಲ್ಲ. ಅವಳು ಅದನ್ನು ನೋಡಲೇ ಇಲ್ಲ. ತಲೆ ವಾರೆ ಮಾಡಿ ಏನೋ ಕೇಳಿಸಿಕೊಳ್ಳುತ್ತಿದ್ದಳು.

"ರೀ, ಇದೇನು ಟಿಕ್ ಟಿಕ್ ಅಂತಿದೆ? ಮೊದ್ಲು ಇರಲಿಲ್ಲ ಅಲ್ವಾ?"

"ಇರಲಿಲ್ಲ. ದುಡ್ಡು ಕೊಟ್ಟು ಹಾಕಿಸಿಕೊಂಡು ಬಂದೆ."

ಅವಳು ನನ್ನ ಮುಖ ನೋಡಿದಳು. ಆಮೇಲೆ ಕೈ ಚಾಚಿ ಭದ್ರಾವತಿ ಆಕಾಶವಾಣಿ ಹಾಕಿ, ಟಿಕ್ ಟಿಕ್ ಕೇಳದಷ್ಟು ವಾಲ್ಯೂಮ್ ಜಾಸ್ತಿ ಮಾಡಿದಳು.